ಶಸ್ತ್ರಚಿಕಿತ್ಸೆಯೂ ಹೃದಯರಕ್ಷಣೆಯೂ



ಪಾಠಶಾಲೆಯ ಪಂಡಿತನೊಬ್ಬನು ಶಸ್ತ್ರಚಿಕಿತ್ಸೆಯ ವಿಷಯವನ್ನೆತ್ತುವುದು ಕೆಲವರಿಗೆ ಸೋಜಿಗವಾದೀತು. ಆದರೆ ಸೊಂಟದ ಮೂಳೆ ಮುರಿದವರು, ಕರುಳಿನಲ್ಲಿ ಗಡ್ಡೆಯಾದವರು, ಆಸ್ಪತ್ರೆಗೆ ಹೋಗುವ ಮುನ್ನ ಆಶೀರ್ವಾದವನ್ನು ಬೇಡಿ ಮಠಕ್ಕೆ ಬರುವುದುಂಟು. "ಶಾಸ್ತ್ರಿಗಳೇ, ನನ್ನ ಎದೆ ಇದನ್ನು ತಡೆದುಕೊಂಡೀತೇ?" ಎಂಬುದೇ ಅವರ ಪ್ರಶ್ನೆ.

ಪ್ರಶ್ನೆಯು ಹೊಸದಲ್ಲ. ಚರಕಸಂಹಿತೆಯು ಶಿರಸ್ಸು, ಹೃದಯ, ಬಸ್ತಿ ಎಂಬಿವನ್ನು ಮೂರು ಪ್ರಧಾನ ಮರ್ಮಗಳೆಂದು ಎಣಿಸಿರುವುದು. ಸುಶ್ರುತನು ಅಗ್ರೋಪಹರಣೀಯವೆಂಬ ಅಧ್ಯಾಯವನ್ನೇ ಶಸ್ತ್ರಕರ್ಮದ ಪೂರ್ವಸಿದ್ಧತೆಗೆ ಮೀಸಲಿಟ್ಟು, ಕೆಲವು ರೋಗಗಳಲ್ಲಿ ಬರಿಹೊಟ್ಟೆಯಲ್ಲಿಯೇ ಶಸ್ತ್ರವನ್ನು ಪ್ರಯೋಗಿಸಬೇಕೆಂದು ವಿಧಿಸಿರುವನು. ಇಷ್ಟರಿಂದಲೇ ಇಂದಿನ ವಿದ್ಯೆಯೆಲ್ಲವೂ ಅಂದೇ ಇತ್ತೆಂದು ಸಾರುವ ಪಂಡಿತರ ಗುಂಪಿಗೆ ನಾನು ಸೇರಿದವನಲ್ಲ.

ಶಸ್ತ್ರಕ್ರಿಯೆಯ ಕಾಲದಲ್ಲಿ ರಕ್ತವು ನಷ್ಟವಾಗುವುದು, ನೋವಿನಿಂದ ನಾಡಿಯು ಚುರುಕಾಗುವುದು, ರಕ್ತದೊತ್ತಡವು ಏರಿಳಿಯುವುದು. ನಾಳಗಳು ಕಿರಿದಾಗಿರುವ ಹೃದಯಕ್ಕೆ ಇದು ಮಿತಿಮೀರಿದ ದುಡಿಮೆ. ಯಾರಿಗೆ ಅಪಾಯವು ಹೆಚ್ಚೆಂದು ಮುಂದಾಗಿ ತಿಳಿಯಲು 1999ರಲ್ಲಿ ಆರು ಗುರುತುಗಳ ಒಂದು ಲೆಕ್ಕವನ್ನು ಪ್ರಕಟಿಸಿದರು: ಹೃದಯನಾಳಗಳ ರೋಗ, ಹೃದಯದ ನಿಶ್ಶಕ್ತಿ, ಹಿಂದೆ ಬಂದ ಪಾರ್ಶ್ವವಾಯು, ಇನ್ಸುಲಿನ್ ಬೇಕಾದ ಮಧುಮೇಹ, ಮೂತ್ರಪಿಂಡದ ದೋಷ, ಮತ್ತು ದೊಡ್ಡ ಶಸ್ತ್ರಕ್ರಿಯೆ. ಇವುಗಳಲ್ಲಿ ಹೆಚ್ಚಿನವು ರೋಗಿಯು ಬಾಯ್ಬಿಟ್ಟು ಹೇಳಿದರೆ ಒಡನೆ ತಿಳಿಯತಕ್ಕವು. ಎರಡು ಅಂತಸ್ತು ಮೆಟ್ಟಿಲನ್ನು ಏದುಸಿರಿಲ್ಲದೆ ಏರಬಲ್ಲಿರಾ ಎಂದು ವೈದ್ಯರು ಕೇಳಿದರೆ, ಸಂಕೋಚದಿಂದ "ಹೌದು" ಎನ್ನುವವರು ತಮ್ಮನ್ನು ತಾವೇ ವಂಚಿಸಿಕೊಳ್ಳುವರು.

ಇನ್ನು ಔಷಧದ ಮಾತು. ನಾಡಿಯ ವೇಗವನ್ನು ತಗ್ಗಿಸುವ ಔಷಧವನ್ನು ಮೊದಲೇ ಕೊಟ್ಟರೆ ಹೃದಯವು ಉಳಿಯುವುದಲ್ಲವೇ ಎಂದು ಬಹುಕಾಲ ವೈದ್ಯರು ತರ್ಕಿಸಿದರು. ತರ್ಕವು ನಿರ್ದುಷ್ಟವಾಗಿಯೇ ತೋರುತ್ತಿತ್ತು. 23 ದೇಶಗಳ 8351 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ, ಫಲವನ್ನು 2008ರಲ್ಲಿ ಪ್ರಕಟಿಸಿದರು. ಪಾಯಿಸ್ ಎಂಬುದು ಆ ಪರೀಕ್ಷೆಯ ಹೆಸರು. ಅರ್ಧದಷ್ಟು ಜನರಿಗೆ ಮೆಟೊಪ್ರೊಲಾಲ್ ಎಂಬ ಔಷಧವನ್ನು ಶಸ್ತ್ರಕ್ರಿಯೆಗೆ ಕೆಲವೇ ಗಂಟೆಗಳ ಮುನ್ನ ಮೊದಲುಮಾಡಿ 30 ದಿವಸ ಕೊಟ್ಟರು. ಉಳಿದವರಿಗೆ ಅದರಂತೆಯೇ ತೋರುವ ಬರಿಯ ಗುಳಿಗೆ. ಔಷಧ ಪಡೆದವರಲ್ಲಿ ಸಾವಿರಕ್ಕೆ ಸುಮಾರು 15 ಹೃದಯಾಘಾತಗಳು ತಪ್ಪಿದುವು. ಆದರೆ ಸಾವುಗಳು ಸುಮಾರು 8, ಪಾರ್ಶ್ವವಾಯುಗಳು ಸುಮಾರು 5 ಹೆಚ್ಚಿದುವು. ಹೃದಯವನ್ನು ಕಾಯ್ದ ಮದ್ದು ಮನುಷ್ಯನನ್ನು ಕಾಯಲಿಲ್ಲ! ರಕ್ತವು ಹರಿದಾಗ, ನಂಜೇರಿದಾಗ, ಹೃದಯವು ಓಡಲೇಬೇಕು. ಓಡಬೇಕಾದಾಗ ಕಟ್ಟಿಹಾಕಿದರೆ ರಕ್ತದೊತ್ತಡವು ಕುಸಿಯುವುದು. ಈ ಪ್ರಸಂಗವು ನನ್ನಂಥ ತರ್ಕಶಾಸ್ತ್ರದ ವಿದ್ಯಾರ್ಥಿಗೆ ದೊಡ್ಡ ಪಾಠವಾಗಿದೆ.

ಮೊದಲೇ ಹೃದಯನಾಳಗಳನ್ನು ತೆರೆದು ಬಳಿಕ ಬೇರೆ ಶಸ್ತ್ರಕ್ರಿಯೆಗೆ ಹೋಗುವುದರ ಕಥೆಯೂ ಹೀಗೆಯೇ. ರಕ್ತನಾಳಗಳ ಶಸ್ತ್ರಕ್ರಿಯೆಗೆ ಬಂದ, ಹೃದಯರೋಗವು ಸ್ಥಿರವಾಗಿದ್ದ 510 ಮಂದಿಯಲ್ಲಿ ಅಮೆರಿಕದವರು ಇದನ್ನು ನೋಡಿ, ಆಯುಸ್ಸೇನೂ ಹೆಚ್ಚಲಿಲ್ಲವೆಂದು 2004ರಲ್ಲಿ ತಿಳಿಸಿದರು.

ಹಾಗೆಂದು, ಹಿಂದಿನಿಂದಲೂ ಸೇವಿಸುತ್ತಿರುವ ಹೃದಯದ ಗುಳಿಗೆಯನ್ನು ತಾವಾಗಿಯೇ ನಿಲ್ಲಿಸಬಾರದು. ಮೆಟೊಪ್ರೊಲಾಲಿನ ವರ್ಗದ ಮದ್ದನ್ನು ಹಠಾತ್ತಾಗಿ ಬಿಟ್ಟರೆ ಹೃದಯವು ಕೆರಳುವುದು. ನಾಳದಲ್ಲಿ ಸ್ಟೆಂಟ್ ಇರುವವರು ಆಸ್ಪಿರಿನ್ ಬಿಡುವುದಂತೂ ಬಹಳ ಅಪಾಯ. ಮಧುಮೇಹದ ಕೆಲವು ಗುಳಿಗೆಗಳನ್ನೂ ರಕ್ತವನ್ನು ತೆಳುಮಾಡುವ ಕೆಲವನ್ನೂ ವೈದ್ಯರೇ ನಿಲ್ಲಿಸುವರು. ಯಾವುದು ಬೇಕು, ಯಾವುದು ಬೇಡವೆಂದು ಬರೆಯಿಸಿಕೊಳ್ಳತಕ್ಕದ್ದು.

ಇಲ್ಲಿ ನಮ್ಮವರದೇ ಒಂದು ತೊಡಕುಂಟು. ಲಿಂಗಕ್ಕೆ ಅರ್ಪಿಸದೆ ಏನನ್ನೂ ಸ್ವೀಕರಿಸೆನೆಂಬ ನೇಮವುಳ್ಳ ಹಿರಿಯರು, ಶಸ್ತ್ರಕ್ರಿಯೆಯ ದಿನ ಪೂಜೆಗೆ ಅನುವು ದೊರೆಯದೆ ಗುಳಿಗೆಯನ್ನೂ ಬಿಟ್ಟುಬಿಡುವರು. ನೇಮವನ್ನು ಸಡಿಲಿಸಿರೆಂದು ನಾನು ಹೇಳೆನು. ಬೆಳಗಿನ ಜಾವದಲ್ಲೆದ್ದು, ಮಂಚದ ಮೇಲೆಯೇ ಕುಳಿತು ಇಷ್ಟಲಿಂಗಪೂಜೆಯನ್ನು ಸಂಕ್ಷೇಪವಾಗಿ ಮುಗಿಸಿ, ಗುಳಿಗೆಯನ್ನೂ ಅರ್ಪಿಸಿ, ಪಾದೋದಕದ ಒಂದು ಗುಟುಕಿನೊಡನೆ ನುಂಗಬಹುದು. ಗುಳಿಗೆಗೆ ಒಂದು ಗುಟುಕು ನೀರನ್ನು ವೈದ್ಯರು ಸಾಮಾನ್ಯವಾಗಿ ಒಪ್ಪುವರು. ಹಿಂದಿನ ದಿನವೇ ಕೇಳಿಕೊಂಡಿರಬೇಕು. ಅರ್ಪಿತವಾದುದೆಲ್ಲವೂ ಪ್ರಸಾದವೆಂದ ಮೇಲೆ ಔಷಧವೇಕೆ ಹೊರಗು?

ಹೃದಯಾಘಾತವಾಗಿ 60 ದಿನ ಕಳೆಯದವರು, ತುರ್ತಿಲ್ಲದ ಶಸ್ತ್ರಕ್ರಿಯೆಯನ್ನು ಮುಂದೂಡುವುದು ವಾಡಿಕೆ.

ಕಡೆಯದಾಗಿ, ಆರೈಕೆ ಮಾಡುವ ತಾಯಂದಿರಿಗೂ ಮಕ್ಕಳಿಗೂ ಒಂದು ಮಾತು. ಶಸ್ತ್ರಕ್ರಿಯೆಯ ಬಳಿಕ ಬರುವ ಹೃದಯಾಘಾತವು ಬಹುಪಾಲು ಮೊದಲ ಎರಡು ಮೂರು ದಿನಗಳಲ್ಲಿಯೇ ಬರುವುದು. ನೋವು ತಗ್ಗಿಸುವ ಮದ್ದಿನ ಮಂಪರಿನಲ್ಲಿ ಎದೆನೋವೇ ತಿಳಿಯದೆ ಹೋಗುವುದು ಹೆಚ್ಚು. ಆದುದರಿಂದ ರೋಗಿಯು ನೆಮ್ಮದಿಯಾಗಿ ಮಲಗಿರುವನೆಂದು ಸುಮ್ಮನಿರದೆ, ಉಸಿರು ಕಟ್ಟಿದಂತಾದರೆ, ಬೆವರಿದರೆ, ಮಾತು ತೊದಲಿದರೆ ಒಡನೆ ದಾದಿಯರನ್ನು ಕರೆಯಿರಿ. ಅಪಾಯದ ಗುರುತುಗಳುಳ್ಳವರಿಗೆ ಆ ದಿನಗಳಲ್ಲಿ ಟ್ರೋಪೊನಿನ್ ಎಂಬ ರಕ್ತಪರೀಕ್ಷೆಯನ್ನು ಮಾಡುವಿರಾ ಎಂದು ವೈದ್ಯರನ್ನು ವಿನಯದಿಂದ ಕೇಳಿರಿ. ನೋವಿಲ್ಲದ ಆಘಾತವು ಆ ಪರೀಕ್ಷೆಯಲ್ಲಿ ಗೋಚರವಾಗುವುದು.