ಆಘಾತ: ಕಣ್ಣಿಗೆ ಕಾಣದ ಪೆಟ್ಟು
(ಚೊಳಚಗುಡ್ಡದಲ್ಲಿ ವೈದ್ಯಾಧಿಕಾರಿಗಳು ಮಾಡಿದ ಭಾಷಣ)



ಇಂದು ‘ಆಘಾತ’ ಎಂಬ ಪದವನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ. ಆಘಾತವೆಂದರೆ ಬಲವಾದ ಪೆಟ್ಟು. ಹೃದಯಾಘಾತ, ವಿದ್ಯುದಾಘಾತ ಎಂಬ ಮಾತುಗಳು ತಮಗೆ ಪರಿಚಿತವೇ. ವೈದ್ಯರು ಬಳಸುವ ‘ಟ್ರಾಮಾ’ ಎಂಬ ಗ್ರೀಕ್ ಪದದ ಮೂಲಾರ್ಥವೂ ಗಾಯವೆಂದೇ. ಮೈಗಾದ ಗಾಯಕ್ಕೆ ಸಲ್ಲುತ್ತಿದ್ದ ಈ ಪದವನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಮನಸ್ಸಿನ ಗಾಯಕ್ಕೂ ಅನ್ವಯಿಸಲಾಯಿತು.

ಎಲ್ಲ ದುಃಖವೂ ಆಘಾತವಲ್ಲ. ಬೆಳೆಗೆ ಬೆಲೆ ಬಾರದಿದ್ದರೆ ಚಿಂತೆ. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ದುಃಖ. ಜೀವಕ್ಕೇ ಅಪಾಯ ಒದಗಿದಾಗ, ಅಥವಾ ಅಂಥದನ್ನು ಕಣ್ಣಾರೆ ಕಂಡಾಗ ಮನಸ್ಸಿಗೆ ತಗಲುವ ಪೆಟ್ಟು ಆಘಾತ. 2009ರಲ್ಲಿಯೂ 2019ರ ಆಗಸ್ಟ್‌ನಲ್ಲಿಯೂ ಮಲಪ್ರಭೆ ಉಕ್ಕಿ ಬಾದಾಮಿ ತಾಲೂಕಿನ ಹಳ್ಳಿಗಳಿಗೆ ನುಗ್ಗಿದಳು. ಹೊಳೆಯ ನೀರೇನೋ ಇಳಿಯಿತು. ಆದರೆ ಇಂಥ ನೆರೆಯನ್ನು ಕಂಡವರಲ್ಲಿ ಕೆಲವರಿಗೆ ಮಳೆಯ ಸದ್ದು ಕೇಳಿದೊಡನೆ ಎದೆ ಹೊಡೆದುಕೊಳ್ಳುವುದುಂಟು. ಅಪಘಾತ, ಕಠಿಣ ಹೆರಿಗೆ, ಕೂಸಿನ ಮರಣ, ಮನೆಯೊಳಗಿನ ಹೊಡೆತಗಳಿಂದಲೂ ಆಘಾತವಾಗಬಹುದು.

ಇದರ ಲಕ್ಷಣಗಳನ್ನು ಅರಿಯಿರಿ. ನಡೆದುದು ಮತ್ತೆ ಮತ್ತೆ ಕಣ್ಣಮುಂದೆ ಬರುವುದು, ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಆ ಸ್ಥಳದಿಂದ ದೂರ ಸರಿಯುವುದು, ಸಿಟ್ಟು, ಮಂಕು. ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡಬಹುದು. ಅನೇಕರು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಒಂದು ತಿಂಗಳು ಮೀರಿದರೆ ವೈದ್ಯರಲ್ಲಿಗೆ ಬರತಕ್ಕದ್ದು. ‘ಅಂಜಿಕಿ ಹೊಕ್ಕೈತಿ’ ಎಂಬ ನಮ್ಮ ಜನರ ಮಾತಿನಲ್ಲಿ ಸತ್ಯವುಂಟು. ‘ಗಾಳಿ ಸೋಕೈತಿ’ ಎಂದುಕೊಂಡರೆ ಚಿಕಿತ್ಸೆ ತಡವಾದೀತು.

ದಂಪತಿಗಳಿಗೆ ವಿಶೇಷವಾಗಿ ಒಂದು ಮಾತು. ಕೂಸನ್ನು ಕಳೆದುಕೊಂಡ ತಾಯಿಗೆ ‘ಮತ್ತೊಂದು ಹುಟ್ಟಿದರ ಎಲ್ಲಾ ಮರೀತಾಳ’ ಎಂದು ಅವಸರಪಡಿಸಬೇಡಿರಿ. ಒಂದು ಕೂಸು ಇನ್ನೊಂದಕ್ಕೆ ಔಷಧವಲ್ಲ. ಆಕೆಯ ದೇಹ ಮನಸ್ಸುಗಳೆರಡೂ ಚೇತರಿಸಿಕೊಂಡ ಮೇಲೆ, ಪತಿಪತ್ನಿಯರು ಕೂಡಿಯೇ ಮುಂದಿನ ಗರ್ಭದ ವಿಚಾರ ಮಾಡಿರಿ. ಅಲ್ಲಿಯವರೆಗೆ ಬೇಕಾದ ತಾತ್ಕಾಲಿಕ ವಿಧಾನಗಳು ಆರೋಗ್ಯ ಕೇಂದ್ರದಲ್ಲಿ ದೊರೆಯುತ್ತವೆ. ತಂದೆಗೂ ದುಃಖವುಂಟು, ಅದನ್ನು ಮದ್ಯದಲ್ಲಿ ಮುಳುಗಿಸಹೋದರೆ ಗಾಯ ಆಳವಾಗುವುದೇ ಹೊರತು ಮಾಯುವುದಿಲ್ಲ.

ಪೆಟ್ಟು ತಿಂದವರ ಬಳಿ ಕುಳಿತುಕೊಳ್ಳಿರಿ. ಹೇಳಿದರೆ ಆಲಿಸಿರಿ, ಹೇಳೆಂದು ಒತ್ತಾಯಿಸಬೇಡಿರಿ. ಹೊತ್ತಿಗೆ ಸರಿಯಾಗಿ ಊಟ, ನಿದ್ರೆ, ಎಂದಿನ ಕೆಲಸಗಳು ನಡೆಯಲಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು.

ಕಾಲು ಮುರಿದವನನ್ನು ನಾವು ಹೇಡಿ ಎನ್ನುವುದಿಲ್ಲ. ಮನಸ್ಸಿಗೆ ಪೆಟ್ಟಾದವರನ್ನೂ ಹಾಗೆ ಅನ್ನಬಾರದು.