ಕಣಗಿಲೆಯ ಸೊಪ್ಪು ಗೊಬ್ಬರಕ್ಕಾದೀತೇ?

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಮುಂಬಯಿಯ ಸೊಸೈಟಿಗಳಲ್ಲಿ ಮಾಲಿ ಕೆಲಸ ಮಾಡುವ ನಮ್ಮವರಿದ್ದಾರೆ. ಕಸದಿಂದ ಗೊಬ್ಬರ ಮಾಡುವುದೂ ಈಗ ಅವರ ಪಾಲಿಗೇ ಬಂದಿದೆ. ಇಲ್ಲಿಯವರು ಕಣ್ಹೇರ್ ಎನ್ನುವ ನಮ್ಮ ಕಣಗಿಲೆಯನ್ನು ಸವರಿದಾಗ ಆ ಸೊಪ್ಪನ್ನು ಗುಂಡಿಗೆ ಹಾಕಬಹುದೇ, ಆ ಗೊಬ್ಬರದಿಂದ ಬದನೆ, ಟೊಮೇಟೊಗಳಿಗೆ ವಿಷವೇರದೇ ಎಂದು ಕೆಲವರು ಕೇಳಿದ್ದಾರೆ.

ಹಾಕಬಹುದು. ಕಣಗಿಲೆಯ ಬೇರು, ಎಲೆ, ಹೂ, ಬೀಜ ಎಲ್ಲವೂ ವಿಷವೇ. ಹೃದಯದ ಬಡಿತವನ್ನೇ ಕೆಡಿಸುವಂಥದು. ಆದರೆ ಅದು ಸೀಸ, ಪಾದರಸಗಳಂತೆ ಅಳಿಯದ ವಿಷವಲ್ಲ. ಗಿಡ ತಾನೇ ಕಟ್ಟಿದ ವಸ್ತು. ಗುಂಡಿಯ ಸೂಕ್ಷ್ಮಜೀವಿಗಳು ಎಲೆಯೊಡನೆ ಅದನ್ನೂ ಒಡೆಯುತ್ತವೆ. ಕ್ಯಾಲಿಫೋರ್ನಿಯದ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇಂಥ ಗೊಬ್ಬರದಲ್ಲಿ ಬೆಳೆದ ತರಕಾರಿಯೊಳಗೆ ಆ ವಿಷ ಕಂಡುಬರಲಿಲ್ಲ.

ಅಪಾಯವಿರುವುದು ಕೊಳೆಯುವುದಕ್ಕೆ ಮೊದಲು. ಒಣಗಿದರೆ ವಿಷ ಹೋಯಿತೆಂದು ನಂಬುವವರುಂಟು. ಹೋಗುವುದಿಲ್ಲ! ಕಹಿ ತಗ್ಗಿದ ಒಣ ಎಲೆಗೆ ದನ, ಮೇಕೆಗಳು ಸುಲಭವಾಗಿ ಬಾಯಿ ಹಾಕುತ್ತವೆ. ಸುಡುವುದಂತೂ ಬೇಡ, ಹೊಗೆಯೂ ಕೆಟ್ಟದ್ದೇ. ಸಣ್ಣಗೆ ಕೊಚ್ಚಿ, ಬೇರೆ ಕಸದೊಡನೆ ಬೆರೆಸಿ, ತೇವವಿರಿಸಿ, ಮುಚ್ಚಿಡಿ, ಆಗಾಗ ಮಗುಚಿ. ಎಲೆಯ ಗುರುತೇ ಸಿಗದಂತಾದ ಮೇಲೆ ತೆಗೆಯಿರಿ. ದಪ್ಪ ಕೊಂಬೆ ಬೇಗ ಕೊಳೆಯದು.

ಇನ್ನು ಕೊಚ್ಚುವವನ ಕೈ. ಕಣಗಿಲೆಯ ರಸ ತಾಗಿದರೆ ಕೆಲವರಿಗೆ ಚರ್ಮ ಉರಿಯುತ್ತದೆ. ಅದೇ ಕೈಯಲ್ಲಿ ಊಟಕ್ಕೆ ಕುಳಿತರಂತೂ ಕೇಳುವುದೇ ಬೇಡ. ಗುಂಡಿ ತೋಡಿಸಲು ಹಣವಿರುವ ಸೊಸೈಟಿಗೆ ಒಂದು ಜೊತೆ ಕೈಗವಸು ಭಾರವೇ? ಕೇಳಿ ಪಡೆಯಿರಿ, ಕೊಡದಿದ್ದರೆ ಸಂಘಕ್ಕೆ ಬಂದು ತಿಳಿಸಿ.