ವರದಿ ಊರಿಗೂ ಬರಲಿ



ಗ್ರಾಮೀಣಾಭಿವೃದ್ಧಿಯ ಮೌಲ್ಯಮಾಪನದ ಬಗ್ಗೆ ಕನ್ನಡಿಗರು ವಡೋದರಾದ ಅಲ್ಕಾಪುರಿಯಲ್ಲಿ ಸೇರಿ ಮಾತಾಡುವುದಕ್ಕೆ ಒಂದು ಹಳೆಯ ನಂಟಿದೆ. ಮೈಸೂರಿನ ಎಂ.ಎನ್. ಶ್ರೀನಿವಾಸ್ 1951ರಲ್ಲಿ ಈ ನಗರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯಕ್ಕೆ ಬಂದು ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ಅದಕ್ಕೆ ಮುಂಚೆ, 1948ರಲ್ಲಿ, ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಬಿಡಾರ ಹೂಡಿ ಅಧ್ಯಯನ ಮಾಡಿದ್ದರು. ಬರವಣಿಗೆಯಲ್ಲಿ ಆ ಊರಿಗೆ ರಾಂಪುರವೆಂದು ಹೆಸರಿಟ್ಟರು. ಅಲ್ಲಿ ಕಂಡದ್ದನ್ನು ಆಧರಿಸಿ ‘ಪ್ರಬಲ ಜಾತಿ’ಯನ್ನು, ಅಂದರೆ ಊರಿನ ಮೇಲೆ ಹಿಡಿತವಿರುವ ಜಾತಿಯನ್ನು, ಕುರಿತ ಲೇಖನವನ್ನು 1959ರಲ್ಲಿ ಪ್ರಕಟಿಸಿದರು. ಗ್ರಂಥಗಳು ಹೇಳುವ ಸಮಾಜ ಬೇರೆ, ಊರಲ್ಲಿದ್ದು ನೋಡಿದಾಗ ಕಾಣುವ ಸಮಾಜ ಬೇರೆ ಎಂಬುದು ಅವರ ನಿಲುವು. ಇಂದು ಗ್ರಂಥಗಳ ಜಾಗಕ್ಕೆ ಪ್ರಗತಿ ವರದಿಗಳು ಬಂದಿವೆ, ಅಷ್ಟೆ.

ನಮ್ಮ ಪಂಚಾಯತ್ ರಾಜ್ ಹುಟ್ಟಿದ್ದೇ ಒಂದು ಮೌಲ್ಯಮಾಪನದಿಂದ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಕಾರ್ಯಕ್ರಮ ಆರಂಭವಾಯಿತು. ಅದು ಏನು ಸಾಧಿಸಿದೆ ನೋಡಿ ಎಂದು 1957ರ ಜನವರಿಯಲ್ಲಿ ಬಲವಂತರಾಯ್ ಮೆಹ್ತಾ ಸಮಿತಿಯನ್ನು ನೇಮಿಸಲಾಯಿತು. ಮೆಹ್ತಾ ಇದೇ ಗುಜರಾತಿನವರು, ಮುಂದೆ ಇಲ್ಲಿನ ಮುಖ್ಯಮಂತ್ರಿಯಾದವರು. ನವೆಂಬರ್‌ನಲ್ಲಿ ಕೊಟ್ಟ ವರದಿಯಲ್ಲಿ ಸಮಿತಿ ಬರೀ ಗುರಿ ಮುಟ್ಟಿದ್ದರ ಲೆಕ್ಕ ಒಪ್ಪಿಸಿ ಸುಮ್ಮನಾಗಲಿಲ್ಲ. ಜನರಿಂದ ಆಯ್ಕೆಯಾದ ಸಂಸ್ಥೆಗೆ ಅಧಿಕಾರವನ್ನೂ ಹಣವನ್ನೂ ಕೊಡದೆ ಜನ ಈ ಕಾರ್ಯಕ್ರಮವನ್ನು ತಮ್ಮದೆಂದುಕೊಳ್ಳುವುದಿಲ್ಲ ಎಂದು ಹೇಳಿತು. ಯೋಜನೆಯನ್ನು ಅಳೆಯಲು ಹೋದವರು ಯೋಜನೆ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆ ಎತ್ತಿದರು. ಒಳ್ಳೆಯ ಮೌಲ್ಯಮಾಪನಕ್ಕೆ ನನ್ನ ಪಾಲಿಗೆ ಇದೇ ಮಾದರಿ.

ಕರ್ನಾಟಕ ಈ ದಾರಿಯಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟಿತು. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿ, ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಚಿವರಾಗಿ ಇದ್ದಾಗ ರೂಪುಗೊಂಡ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಾಗಿತ್ತು. ಆ ವ್ಯವಸ್ಥೆಯನ್ನು ಕೆ.ಎಸ್. ಕೃಷ್ಣಸ್ವಾಮಿ ಸಮಿತಿ 1989ರಲ್ಲಿ ಪರಿಶೀಲಿಸಿತು. ಮುಂದೆ ಸಂಶೋಧಕರಾದ ರಿಚರ್ಡ್ ಕ್ರೂಕ್ ಮತ್ತು ಜೇಮ್ಸ್ ಮ್ಯಾನರ್ ಕೂಡ ಅದನ್ನು ಅಭ್ಯಸಿಸಿದರು. ಈ ಅಧ್ಯಯನಗಳ ಪ್ರಕಾರ, ಊರಿನ ಪಂಚಾಯಿತಿ ಸದಸ್ಯರ ಕಣ್ಣು ಬಿದ್ದ ಮೇಲೆ ಶಾಲೆಗೆ ಮೇಷ್ಟ್ರು, ಆಸ್ಪತ್ರೆಗೆ ಸಿಬ್ಬಂದಿ ಮೊದಲಿಗಿಂತ ಸರಿಯಾಗಿ ಬರತೊಡಗಿದರು. ಆದರೆ ತೀರಾ ಬಡವರಿಗೆ ಹೆಚ್ಚೇನೂ ದಕ್ಕಲಿಲ್ಲ. ಒಂದೇ ವ್ಯವಸ್ಥೆಯ ಬಗ್ಗೆ ಈ ಎರಡು ಮಾತೂ ನಿಜ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಎರಡೂ ಮಾಯವಾಗುತ್ತವೆ.

ಗುಜರಾತಿನ ಜ್ಯೋತಿಗ್ರಾಮ ಯೋಜನೆಯದೂ ಇದೇ ಕಥೆ. 2003ರಲ್ಲಿ ಶುರುವಾದ ಈ ಯೋಜನೆ ಊರಿನ ಮನೆಗಳಿಗೂ ಹೊಲದ ಪಂಪ್‌ಸೆಟ್‌ಗಳಿಗೂ ಬೇರೆ ಬೇರೆ ಫೀಡರ್ ಹಾಕಿತು. 2006ರ ಹೊತ್ತಿಗೆ ಸುಮಾರು 18,000 ಹಳ್ಳಿಗಳನ್ನು ಮುಟ್ಟಿತು. ಊರಿಗೆ ದಿನವಿಡೀ ಕರೆಂಟು, ಪಂಪಿಗೆ ವೇಳಾಪಟ್ಟಿಯಂತೆ ಎಂಟು ಗಂಟೆ. ಹಿಟ್ಟಿನ ಗಿರಣಿ, ದರ್ಜಿಯ ಅಂಗಡಿ, ಶಾಲೆ, ಮನೆ ಎಲ್ಲಕ್ಕೂ ಅನುಕೂಲವಾಯಿತು. ಆದರೆ ಸಂಶೋಧಕರಾದ ತುಷಾರ್ ಶಾ ಮತ್ತು ಶಿಲ್ಪ್ ವರ್ಮಾ ಹಳ್ಳಿಗಳಲ್ಲಿ ವಿಚಾರಿಸಿದಾಗ ಇನ್ನೊಂದು ಮುಖ ಕಂಡಿತು. ಕೊಳವೆಬಾವಿ ಇಲ್ಲದ ಸಣ್ಣ ರೈತರು, ಗೇಣಿದಾರರು ಪಕ್ಕದ ಹೊಲದವನಿಂದ ಗಂಟೆಯ ಲೆಕ್ಕದಲ್ಲಿ ನೀರು ಕೊಂಡು ಬೆಳೆ ತೆಗೆಯುತ್ತಿದ್ದರು. ಕರೆಂಟಿನ ಗಂಟೆಗಳು ಕಟ್ಟುನಿಟ್ಟಾದ ಮೇಲೆ ಮಾರಲು ಮಿಗುವ ನೀರು ಕಡಿಮೆಯಾಯಿತು, ಬೆಲೆ ಏರಿತು. ಯೋಜನೆ ವಿಫಲವಾಯಿತೆಂದು ಇದರ ಅರ್ಥವಲ್ಲ. ಫಲಾನುಭವಿಗಳ ಪಟ್ಟಿ ಹಿಡಿದು ಹೊರಟವರಿಗೆ ಈ ನೀರು ಕೊಳ್ಳುವವನು ಸಿಗುವುದೇ ಇಲ್ಲ. ಏಕೆಂದರೆ ಅವನ ಹೆಸರು ಆ ಪಟ್ಟಿಯಲ್ಲಿಲ್ಲ.

2001ರಲ್ಲಿ ಈ ರಾಜ್ಯ ಜಾರಿಗೆ ತಂದ ಸಮರಸ ಯೋಜನೆಯನ್ನೂ ನೋಡಿ. ಅವಿರೋಧವಾಗಿ ಆಯ್ಕೆ ನಡೆಸಿದ ಗ್ರಾಮ ಪಂಚಾಯಿತಿಗೆ ಪ್ರೋತ್ಸಾಹಧನ ಸಿಗುತ್ತದೆ. ಅವಿರೋಧ ಆಯ್ಕೆಗಳನ್ನು ಎಣಿಸುವುದು ಸುಲಭ. ಆ ಒಮ್ಮತ ಜಗಲಿಯ ಮೇಲೆ ಎಲ್ಲರೂ ಕೂತು ಆಡಿದ ಮಾತಿನಿಂದ ಬಂದದ್ದೋ, ಎದುರು ನಿಲ್ಲಬೇಡವೆಂದು ಯಾರೋ ಹೇಳಿದ್ದರಿಂದ ಬಂದದ್ದೋ ಎಂಬುದು ಎಣಿಕೆಗೆ ಸಿಕ್ಕುವುದಿಲ್ಲ. ಶ್ರೀನಿವಾಸರ ಪ್ರಬಲ ಜಾತಿಯ ವಿಚಾರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಾಗಾದರೆ ಅಳೆಯುವವರು ಯಾರು? ಕರ್ನಾಟಕದಲ್ಲಿ ವರ್ಷಕ್ಕೊಮ್ಮೆ ಗ್ರಾಮ ಪಂಚಾಯಿತಿಯ ಜಮಾಬಂದಿ ನಡೆಯಬೇಕು. ನಗದು ಪುಸ್ತಕ, ವೋಚರು, ಕಾಮಗಾರಿಯ ಅಳತೆ ಪುಸ್ತಕ ಎಲ್ಲವೂ ಜನರೆದುರು ಬರಬೇಕು. ಆಮೇಲೆ ಕಾಮಗಾರಿಯ ಜಾಗಕ್ಕೇ ಹೋಗಿ ನೋಡಬೇಕು. ಪುಸ್ತಕದಲ್ಲಿ ಬರೆದಷ್ಟು ಉದ್ದ ಚರಂಡಿ ಇದೆಯೇ ಎಂದು ಟೇಪು ಹೇಳುತ್ತದೆ. ಅದರಲ್ಲಿ ನೀರು ಹರಿಯುತ್ತದೆಯೇ ಎಂದು ಪಕ್ಕದ ಮನೆಯಾಕೆ ಹೇಳುತ್ತಾಳೆ. ಇವೆರಡೂ ಒಂದೇ ಕಡತದಲ್ಲಿ ದಾಖಲಾದರೆ ಅದು ಮೌಲ್ಯಮಾಪನ. 2005ರ ಉದ್ಯೋಗ ಖಾತ್ರಿ ಕಾಯ್ದೆಯೂ ಸಾಮಾಜಿಕ ಪರಿಶೋಧನೆಯ ಅಧಿಕಾರವನ್ನು ಗ್ರಾಮಸಭೆಗೇ ಕೊಟ್ಟಿತು. ಆದರೂ ಜಮಾಬಂದಿ ಎಷ್ಟೋ ಕಡೆ ಸಹಿ, ಫೋಟೋ, ಟೀ, ಬಿಸ್ಕತ್ತಿಗೆ ಮುಗಿಯುತ್ತದೆ ಎಂಬುದನ್ನು ಇಲ್ಲಿರುವ ಅಧಿಕಾರಿ ಮಿತ್ರರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಪರಿಣತರು ಬೇಡವೆಂದು ನಾನು ಹೇಳುತ್ತಿಲ್ಲ. ಅಂತರ್ಜಲದ ಕುಸಿತವನ್ನಾಗಲಿ ಜಿಲ್ಲೆ ಜಿಲ್ಲೆಗಳ ನಡುವಿನ ಅಂತರವನ್ನಾಗಲಿ ಒಂದು ಗ್ರಾಮಸಭೆ ಲೆಕ್ಕ ಹಾಕಲಾರದು. ಗ್ರಾಮಸಭೆಯಲ್ಲೂ ಬಾಯಿದ್ದವರದೇ ಮಾತು. ಅದಕ್ಕೇ ಹೊರಗಿನ ಅಳತೆಯೂ ಬೇಕು, ಒಳಗಿನ ಸಾಕ್ಷಿಯೂ ಬೇಕು. ಇಂದು ಕೊರತೆಯಿರುವುದು ಎರಡನೆಯದಕ್ಕೆ. ವರದಿ ಇಲಾಖೆಗೆ ಹೋಗುತ್ತದೆ, ಅನುದಾನ ಕೊಟ್ಟ ಸಂಸ್ಥೆಗೆ ಹೋಗುತ್ತದೆ, ಪತ್ರಿಕೆಗೂ ಹೋಗುತ್ತದೆ. ಯಾರ ಬದುಕನ್ನು ಅಳೆದೆವೋ ಅವರಿಗೆ ಮಾತ್ರ ಅದು ತಲುಪುವುದಿಲ್ಲ.

ಈ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ. ನೀವು ಅಭ್ಯಸಿಸಿದ ಯೋಜನೆಯಿಂದ ಯಾರು ಕಳೆದುಕೊಂಡರು ಎಂಬುದಕ್ಕೂ ಒಂದು ಪುಟ ಕೊಡಿ. ನಿಮ್ಮ ತೀರ್ಮಾನಗಳನ್ನು ಗುಜರಾತಿಯಲ್ಲೋ ಕನ್ನಡದಲ್ಲೋ ನಾಲ್ಕು ಪುಟದಲ್ಲಿ ಬರೆದು ಆ ಊರಿನ ಗ್ರಾಮಸಭೆಯಲ್ಲಿ ಓದಿ. ಅಲ್ಲಿ ಏಳುವ ಆಕ್ಷೇಪಗಳನ್ನು ಅನುಬಂಧವಾಗಿ ಸೇರಿಸಿ. ಮುಂದಿನ ಗೋಷ್ಠಿಯಲ್ಲಿ ನಾವು ಮೊದಲು ಚರ್ಚಿಸಬೇಕಾದದ್ದು ಆ ಅನುಬಂಧಗಳನ್ನೇ.